ಕೋರ್ಸ್ ಮುಗಿದ ಮೇಲೆ

ಮಾತ್ರೆ ಮುಗಿದ ಮಾರನೇ ದಿನದಿಂದ ಒಂದು ಹೊಸ ಕೆಲಸ ಶುರುವಾಗುತ್ತದೆ. ಮೂಸಿ ನೋಡುವ ಕೆಲಸ. ಬಚ್ಚಲಿಗೆ ಹೋದಾಗ, ಬಟ್ಟೆ ಬದಲಿಸುವಾಗ, ಒಗೆಯುವ ಬಕೆಟ್ಟಿಗೆ ಹಾಕುವ ಮುಂಚೆ. ವಾಸನೆ ಇದೆಯಾ? ಇಲ್ಲ. ಸದ್ಯ. ಹೀಗೇ ಒಂದಷ್ಟು ವಾರ ಕಳೆಯುತ್ತದೆ, ಮನಸ್ಸು ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ, ಈ ಸಲ ಹೋಯಿತು ಅಂತಲೇ ಅನ್ನಿಸಿಬಿಡುತ್ತದೆ. ಆಮೇಲೆ ಮುಟ್ಟು ಬರುತ್ತದೆ, ಮುಗಿಯುತ್ತದೆ, ಅದಾಗಿ ಎರಡು ಮೂರು ದಿನಕ್ಕೆ ಮತ್ತೆ ಅದೇ, ಬಿಳಿ ಹೋಗುವುದು. ತೆಳ್ಳಗೆ, ಬೂದು ಬೆರೆತ ಬಿಳುಪು, ಮೀನಿನ ವಾಸನೆ. ತುರಿಕೆ ಇಲ್ಲ, ಉರಿ ಇಲ್ಲ, ನೋವಿಲ್ಲ. ನೋವಿದ್ದಿದ್ದರೆ ಹೇಳಿಕೊಳ್ಳುವುದು ಸುಲಭವಿತ್ತು. ವಾಸನೆ ಬರುತ್ತಿದೆ ಅಂತ ಯಾರಿಗೆ ಹೇಳುವುದು?

ಬ್ಯಾಕ್ಟೀರಿಯಲ್ ವಜೈನೋಸಿಸ್, ಯೋನಿಯೊಳಗಿನ ಬ್ಯಾಕ್ಟೀರಿಯಾಗಳ ಸಂಖ್ಯೆ ಏರುಪೇರಾಗಿ ಬರುವ ತೊಂದರೆ. ಡಾಕ್ಟರುಗಳು ಬಿವಿ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಬೆಂಚುಗಳ ಸಾಲಿನ ನಡುವೆ ಓಡಾಡಬೇಕು. ಮಕ್ಕಳು ಕೂತಿರುತ್ತಾರೆ, ನಾನು ನಿಂತಿರುತ್ತೇನೆ. ಅವರ ಮೂಗು ಯಾವ ಎತ್ತರಕ್ಕೆ ಬರುತ್ತದೆ ಅಂತ ಲೆಕ್ಕ ಹಾಕಿದ ಟೀಚರು ನಾನೊಬ್ಬಳೇ ಇರಲಾರೆ. ಪಕ್ಕದವರಿಗೆ ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ತಲೆಗೆ ಅದು ಗೊತ್ತು. ಆದರೂ ಬೋರ್ಡಿನ ಹತ್ತಿರವೇ ನಿಂತು ಪಾಠ ಮುಗಿಸಿದ ವಾರಗಳಿವೆ, ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಬಂದ ಸಂಜೆಗಳಿವೆ.

ನನಗೆ ತಲೆ ಕೊರೆಯುವ ವಿಷಯ ಇಷ್ಟೇ. ಈ ತೊಂದರೆಯನ್ನು ನಾವೆಲ್ಲ ಸೇರಿ ಕೊಳೆಯ ಖಾತೆಗೆ ಬರೆದುಬಿಟ್ಟಿದ್ದೇವೆ. ಆಮೇಲೆ ಅದನ್ನು ಹೆಂಗಸು ತಾನೊಬ್ಬಳೇ ತೊಳೆದುಕೊಂಡು, ತಾನೊಬ್ಬಳೇ ಮಾತ್ರೆ ನುಂಗಿ ಸರಿಮಾಡಿಕೊಳ್ಳಬೇಕಾದ ಕೆಲಸ ಮಾಡಿದ್ದೇವೆ. ಎರಡಕ್ಕೂ ಆಧಾರವಿಲ್ಲ.

ಚೀಟಿ ಬರೆಯುವ ವೇಗ

ಮೊದಮೊದಲು ಹೋದ ಕ್ಲಿನಿಕ್ಕುಗಳಲ್ಲಿ ನಡೆದದ್ದು ಹೆಚ್ಚು ಕಡಿಮೆ ಒಂದೇ. "ಏನ್ ತೊಂದ್ರೆ?" "ವೈಟ್ ಡಿಸ್ಚಾರ್ಜ್ ಮೇಡಂ." "ತುರಿಕೆ ಇದ್ಯಾ?" "ಇಲ್ಲ." ಅಷ್ಟು ಹೊತ್ತಿಗೆ ಪೆನ್ನು ಓಡುತ್ತಿರುತ್ತದೆ. ಮೆಟ್ರೊನಿಡಜೋಲ್ 400, ಬೆಳಿಗ್ಗೆ ರಾತ್ರಿ, ಏಳು ದಿನ. ಜತೆಗೆ ಒಳಗೆ ಇಟ್ಟುಕೊಳ್ಳುವ ಗುಳಿಗೆ. ಅದರಲ್ಲಿ ಕ್ಲಿಂಡಾಮೈಸಿನ್ನೂ ಇರುತ್ತದೆ, ಕ್ಲೋಟ್ರಿಮಜೋಲೂ ಇರುತ್ತದೆ. ಬ್ಯಾಕ್ಟೀರಿಯಾಗೂ ಒಂದು ಏಟು, ಫಂಗಸ್ಸಿಗೂ ಒಂದು ಏಟು, ಯಾವುದಿದ್ದರೂ ಹೋಗಲಿ ಅಂತ. ಪರೀಕ್ಷೆ ಮಾಡುವ ಮಂಚ ಪರದೆಯ ಹಿಂದೆ ಸುಮ್ನೆ ಬಿದ್ದಿರುತ್ತದೆ. ಹೊರಗೆ ಬಸುರಿಯರ ಸಾಲು ಕಾಯುತ್ತಿರುತ್ತದೆ, ಡಾಕ್ಟರಿಗೆ ಪುರಸೊತ್ತಿಲ್ಲ ಅನ್ನುವುದೂ ನಿಜವೇ.

ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್ಕಿನಲ್ಲಿ ಬಣ್ಣ ಬಣ್ಣದ ಕಿಟ್‌ಗಳಿರುತ್ತವೆ, ಗೊತ್ತಿರಬಹುದು. ಬಿಳಿ ಹೋಗುತ್ತದೆ ಅಂತ ಬಂದವರಿಗೆ ಹಸಿರು ಕಿಟ್. ಒಳಗೆ ಸೆಕ್ನಿಡಜೋಲ್ 2 ಗ್ರಾಂ, ಫ್ಲುಕೊನಜೋಲ್ 150 ಮಿಲಿಗ್ರಾಂ. ಮತ್ತೆ ಅದೇ ಲೆಕ್ಕ, ಎರಡಕ್ಕೂ ಒಂದೊಂದು. ಇದನ್ನು ನಾನು ಹಳಿಯುವುದಿಲ್ಲ. ಲ್ಯಾಬ್ ಇಲ್ಲದ ಊರಿನಲ್ಲಿ, ಕೂಲಿ ಬಿಟ್ಟು ಬಂದವಳು ಇನ್ನೊಂದು ಸಲ ಬರುತ್ತಾಳೋ ಇಲ್ಲವೋ ಗೊತ್ತಿಲ್ಲದಾಗ, ಅವತ್ತೇ ಅಲ್ಲೇ ಔಷಧಿ ಸಿಗಲಿ ಅಂತ ಮಾಡಿದ ಏರ್ಪಾಡು ಅದು. ಮೊದಲ ಸಲಕ್ಕೆ ಸರಿ. ಆದರೆ ಅವಳೇ ಅದೇ ದೂರು ಹಿಡಿದು ಮತ್ತೆ ಮತ್ತೆ ಬಂದರೂ ಅದೇ ಕಿಟ್ಟು, ಅದೇ ಚೀಟಿ ಅಂದರೆ ಯಾರೂ ಅವಳ ಮಾತು ಕೇಳಿಸಿಕೊಂಡಿಲ್ಲ ಅಂತಲೇ ಅರ್ಥ.

ಯಾಕೆಂದರೆ ಬಿಳಿ ಹೋಗುವುದಕ್ಕೆ ಕಾರಣ ಬೇರೆ ಬೇರೆ. ಕ್ಯಾಂಡಿಡಾ ಅನ್ನುವ ಫಂಗಸ್ ಆದರೆ ತುರಿಕೆ ಜೋರು, ಹೋಗುವುದು ಗಟ್ಟಿ ಗಟ್ಟಿ, ವಾಸನೆ ಅಷ್ಟಿರುವುದಿಲ್ಲ. ಟ್ರೈಕೊಮೊನಾಸ್ ಅನ್ನುವ ಏಕಕೋಶ ಜೀವಿ ಆದರೆ ಗಂಡ ಹೆಂಡತಿ ಇಬ್ಬರಿಗೂ ಔಷಧಿ ಕೊಡಲೇಬೇಕು. ಎಷ್ಟೋ ಸಲ ಯಾವ ಕಾಯಿಲೆಯೂ ಇರುವುದಿಲ್ಲ, ತಿಂಗಳ ಮಧ್ಯದಲ್ಲಿ ಎಲ್ಲರಿಗೂ ಹೋಗುವಷ್ಟೇ ಹೋಗುತ್ತಿರುತ್ತದೆ. ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಜತೆಗಾರರು ಮಾಡಿದ ಅಧ್ಯಯನವನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬಿಳಿ ಹೋಗುತ್ತದೆ ಅಂತ ದೂರುವ ಹೆಂಗಸರಲ್ಲಿ ಸೋಂಕಿಗಿಂತ ಹೆಚ್ಚಾಗಿ ಕಂಡದ್ದು ಚಿಂತೆ, ಸಂಕಟ, ಮನೆಯ ಕಷ್ಟ. ಇನ್ನೊಂದು ಕಡೆ, ಬಿವಿ ಇದ್ದೂ ಏನೂ ಗೊತ್ತಾಗದೆ ಓಡಾಡುವವರೂ ಬಹಳ. ಮೈಸೂರಿನಲ್ಲೇ 2005–06ರ ಹೊತ್ತಿಗೆ ಪೂರ್ಣಿಮಾ ಮಾಧಿವಾಣನ್ ಅವರ ತಂಡ ಚಿಕ್ಕ ವಯಸ್ಸಿನ ಹೆಂಗಸರನ್ನು ಪರೀಕ್ಷಿಸಿತ್ತು. 863 ಜನರ ಸ್ಮಿಯರ್, ಅಂದರೆ ಗಾಜಿಗೆ ಹಚ್ಚಿದ ಯೋನಿಸ್ರಾವದ ಮಾದರಿ, ನೋಡಿದರೆ 165 ಜನರಿಗೆ ಬಿವಿ ಇತ್ತು, ಇನ್ನೂ 133 ಜನ ಅದರ ಹೊಸ್ತಿಲಲ್ಲಿದ್ದರು. ಅಂದರೆ ಐದು ಜನರಲ್ಲಿ ಹೆಚ್ಚು ಕಡಿಮೆ ಒಬ್ಬರು. ನಮ್ಮ ಸ್ಟಾಫ್ ರೂಮಿನ ಉದ್ದನೆ ಮೇಜಿನ ಸುತ್ತ ಕೂತವರನ್ನು ನಾನು ಒಂದು ಸಲ ಕಣ್ಣಲ್ಲೇ ಎಣಿಸಿದ್ದೂ ಉಂಟು.

ಹಳೇ ಮನೆಯ ಕ್ಲಿನಿಕ್ಕು

ಕೊನೆಗೆ ಸಹೋದ್ಯೋಗಿಯೊಬ್ಬರ ಅಕ್ಕ ಹೇಳಿದ ಡಾಕ್ಟರ ಹತ್ತಿರ ಹೋದೆ. ವಯಸ್ಸಾದವರು. ಸರ್ಕಾರಿ ಕೆಲಸದಿಂದ ರಿಟೈರ್ ಆಗಿ ತಮ್ಮ ಹೆಂಚಿನ ಮನೆಯ ಮುಂದಿನ ಕೋಣೆಯಲ್ಲೇ ಸಂಜೆ ಹೊತ್ತು ಕೂರುತ್ತಾರೆ. ಕಿಟಕಿ ಪಕ್ಕದ ಮೇಜಿನ ಮೇಲೆ ಮೈಕ್ರೊಸ್ಕೋಪು, ಅದಕ್ಕೊಂದು ಕಸೂತಿ ಹಾಕಿದ ಬಟ್ಟೆ ಹೊದಿಸಿತ್ತು. ನಾನು ಹಳೆಯ ಚೀಟಿಗಳ ಕಂತೆ ಮುಂದೆ ಇಟ್ಟೆ. ಒಂದೊಂದಾಗಿ ತಿರುವಿ ನೋಡಿದರು. "ಇಷ್ಟೂ ಮಾತ್ರೆ ನುಂಗಿದ್ದೀರಿ. ಒಂದು ಸಲಾನಾದ್ರೂ ಯಾರಾದ್ರೂ ನೋಡಿದ್ದಾರಾ?" ಅಂದರು. ಇಲ್ಲ ಅಂದೆ. "ಹಾಗಾದ್ರೆ ಬನ್ನಿ, ನೋಡೋಣ."

ನಡೆದದ್ದು ಹತ್ತು ನಿಮಿಷದ ಕೆಲಸ. ಹತ್ತಿ ಕಡ್ಡಿಯಲ್ಲಿ ಸ್ವಲ್ಪ ತೆಗೆದು, ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಕಾಗದಕ್ಕೆ ಒತ್ತಿದರು. ಬಣ್ಣ ತಿರುಗಿತು. ಪಟ್ಟಿಯ ಪಕ್ಕ ಹಿಡಿದರೆ ಐದಕ್ಕಿಂತ ಮೇಲೆ. ಪ್ರತಿ ವರ್ಷ ಹತ್ತನೇ ಕ್ಲಾಸಿನ ಮಕ್ಕಳಿಗೆ ಆಮ್ಲ, ಪ್ರತ್ಯಾಮ್ಲ ಪಾಠ ಮಾಡುವಾಗ ಇದೇ ಕಾಗದ ಹಿಡಿದು ನಿಂಬೆರಸ, ಸೋಪಿನ ನೀರು ಅಂತ ತೋರಿಸುತ್ತೇನೆ. ಆರೋಗ್ಯವಾಗಿದ್ದಾಗ ಯೋನಿಯ ಒಳಗೆ 3.8ರಿಂದ 4.5, ಅಂದರೆ ಚೆನ್ನಾಗಿ ಹುಳಿ. ಲ್ಯಾಕ್ಟೊಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾಗಳು ಅಲ್ಲೇ ಇದ್ದು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತಾ ಆ ಹುಳಿ ಕಾಪಾಡುತ್ತವೆ. ಅವು ಕಡಿಮೆಯಾದರೆ ಹುಳಿ ಇಳಿಯುತ್ತದೆ, ಗಾರ್ಡ್ನರೆಲ್ಲಾ, ಪ್ರಿವೊಟೆಲ್ಲಾ ಅಂತ ಬೇರೆ ಗುಂಪು ಜಾಗ ಹಿಡಿಯುತ್ತದೆ. ಇವು ಹೊರಗಿನಿಂದ ದಾಳಿ ಮಾಡಿದ ವೈರಿಗಳೇನಲ್ಲ. ಎಷ್ಟೋ ಜನರಲ್ಲಿ ಕಡಿಮೆ ಸಂಖ್ಯೆಯಲ್ಲಿ ಇದ್ದೇ ಇರುತ್ತವೆ. ಸಂಖ್ಯೆ ಏರುಪೇರಾಗುವುದೇ ಕಾಯಿಲೆ.

ಆಮೇಲೆ ಗಾಜಿನ ಸ್ಲೈಡಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ. ಹನಿ ಬಿದ್ದ ಕೂಡಲೇ ಆ ವಾಸನೆ ಕೋಣೆಯಲ್ಲಿ ಎದ್ದಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಮುಖ ತಿರುಗಿಸಲಿಲ್ಲ, ಮೂಗು ಮುಚ್ಚಲಿಲ್ಲ, ಸ್ಲೈಡನ್ನು ಇನ್ನೂ ಹತ್ತಿರ ತಂದು ನೋಡಿ 'ವಿಫ್ ಟೆಸ್ಟ್ ಪಾಸಿಟಿವ್' ಅಂತ ಚೀಟಿಯಲ್ಲಿ ಬರೆದರು. ಅಷ್ಟೇ. ಇಷ್ಟು ವರ್ಷ ನಾನು ಅಡಗಿಸಿಟ್ಟುಕೊಂಡು ಓಡಾಡಿದ್ದು ಒಂದು ರಿಪೋರ್ಟಿನ ಸಾಲಾಯಿತು. ಆ ಬ್ಯಾಕ್ಟೀರಿಯಾಗಳು ಅಮೈನ್ ಅನ್ನುವ ರಾಸಾಯನಿಕಗಳನ್ನು ಮಾಡುತ್ತವೆ, ಮೀನಿಗೆ ವಾಸನೆ ಕೊಡುವ ಟ್ರೈಮೀಥೈಲ್ ಅಮೈನೂ ಅದರಲ್ಲೊಂದು. ಪ್ರತ್ಯಾಮ್ಲ ತಾಗಿದರೆ ಅವು ಗಾಳಿಗೆ ಹಾರುತ್ತವೆ. ಮುಟ್ಟಿನ ರಕ್ತವೂ, ವೀರ್ಯವೂ ಪ್ರತ್ಯಾಮ್ಲದ ಕಡೆಯವೇ. ಮುಟ್ಟಿನ ಆಸುಪಾಸಿನಲ್ಲಿ, ಗಂಡನ ಜತೆ ಸೇರಿದ ಮೇಲೆ ವಾಸನೆ ಯಾಕೆ ಜಾಸ್ತಿ ಅಂತ ಅವತ್ತು ಅರ್ಥವಾಯಿತು. ರಾತ್ರಿ ಎದ್ದು ಬಚ್ಚಲಿಗೆ ಓಡುತ್ತಿದ್ದದ್ದಕ್ಕೆ ಕಾರಣ ಇಷ್ಟು ಸರಳ.

"ಇಲ್ಲಿ ಕಣ್ಣಿಡಿ" ಅಂತ ಮೈಕ್ರೊಸ್ಕೋಪ್ ಕಡೆ ಕರೆದರು. ಅಗಲವಾದ, ಚಪ್ಪಟೆ ಜೀವಕೋಶಗಳು. ಒಂದೆರಡರ ಅಂಚು ಚೊಕ್ಕವಾಗಿತ್ತು. ಉಳಿದವುಗಳ ಮೇಲೆಲ್ಲ ಸಣ್ಣ ರವೆ ಉದುರಿಸಿ ಒತ್ತಿದ ಹಾಗೆ ಚುಕ್ಕಿ ಚುಕ್ಕಿ, ಅಂಚು ಎಲ್ಲಿದೆ ಅಂತಲೇ ತಿಳಿಯದಷ್ಟು. ಇವಕ್ಕೆ ಕ್ಲೂ ಸೆಲ್ ಅನ್ನುತ್ತಾರೆ. ತೆಳ್ಳನೆ ಬಿಳುಪು, ಏರಿದ ಪಿಎಚ್, ವಾಸನೆ, ಕ್ಲೂ ಸೆಲ್, ಈ ನಾಲ್ಕರಲ್ಲಿ ಮೂರು ಇದ್ದರೆ ಬಿವಿ. 1983ರಿಂದ ಬಳಕೆಯಲ್ಲಿರುವ ಪದ್ಧತಿ, ಆಮ್ಸೆಲ್ ಅವರದ್ದು. ಲ್ಯಾಬಿಗೆ ಕಳಿಸಿದರೆ ಗ್ರಾಂ ಸ್ಟೇನ್ ಮಾಡಿ, ಅಂದರೆ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ನೋಡಿ, ನ್ಯೂಜೆಂಟ್ ಸ್ಕೋರ್ ಕೊಡುತ್ತಾರೆ, ಸೊನ್ನೆಯಿಂದ ಹತ್ತರವರೆಗೆ, ಏಳು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಿವಿ. ಎರಡೂ ದುಬಾರಿಯಲ್ಲ. ಇನ್ನೊಂದು ವಿಷಯ, ಇದು ಗೊತ್ತಿದ್ದರೆ ದುಡ್ಡು ಉಳಿಯುತ್ತದೆ: ಬಿವಿ ಇದೆಯೋ ಇಲ್ಲವೋ ತಿಳಿಯಲು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಟೆಸ್ಟ್ ಪ್ರಯೋಜನಕ್ಕೆ ಬರುವುದಿಲ್ಲ. ಆರೋಗ್ಯವಾಗಿರುವವರಲ್ಲೂ ಗಾರ್ಡ್ನರೆಲ್ಲಾ ಬೆಳೆಯುತ್ತದೆ.

ಉಷ್ಣ, ಮೊಸರು, ವಾಶು

ಅಮ್ಮನಿಗೆ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಬಸಳೆ ಸೊಪ್ಪು ತಿಂತಿದ್ದೀಯಾ?" ಬಿಳಿ ಹೋಗೋದು ಮೈ ಉಷ್ಣಕ್ಕೆ ಕಣೇ, ಅಂದಳು. ನೆತ್ತಿಗೆ ಹರಳೆಣ್ಣೆ ತಟ್ಟಿದಳು. ರಾತ್ರಿ ನೆನೆಸಿದ ಮೆಂತ್ಯದ ನೀರು, ಎಳನೀರು, ಕಾಮಕಸ್ತೂರಿ ಬೀಜದ ಪಾನಕ, ಎಲ್ಲ ಸಾಲಾಗಿ ಬಂದವು. ಇವುಗಳಿಂದ ಬಿವಿ ಹೋಗುವುದಿಲ್ಲ. ತೊಂದರೆಯೂ ಇಲ್ಲ. ಬೇಸಿಗೆಯಲ್ಲಿ ಅಮ್ಮನ ಕೈಯ ಪಾನಕ ಬೇಡ ಅನ್ನುವಷ್ಟು ವಿಜ್ಞಾನ ನನ್ನಲ್ಲಿಲ್ಲ. ಆದರೆ ಅವಳು ಇನ್ನೊಂದು ಮಾತು ಹೇಳಿದಳು, ಮೈಯ ಸತ್ವವೆಲ್ಲ ಇಳಿದು ಹೋಗುತ್ತಿದೆ, ಮೂಳೆ ಸವೆಯುತ್ತದೆ ಅಂತ. ಅವಳಿಗೆ ಅವಳಮ್ಮ ಹೇಳಿದ್ದು. ಹಾಗೇನೂ ಆಗುವುದಿಲ್ಲ. ಈ ಹೆದರಿಕೆ ತಲೆಯಲ್ಲಿ ಕೂತರೆ ಸುಸ್ತಾದಾಗೆಲ್ಲ ಅದೇ ನೆನಪಾಗುತ್ತದೆ, ರಕ್ತ ಕಡಿಮೆ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕಾದವಳು ಬಿಳಿ ಹೋಗುತ್ತಿದೆ ಅಂತ ಕೊರಗುತ್ತಾ ಕೂರುತ್ತಾಳೆ.

ಮೊಸರಿನ ವಿಷಯ ಬೇರೆ. ಮೊಸರಿನಲ್ಲೂ ಲ್ಯಾಕ್ಟೊಬ್ಯಾಸಿಲಸ್ ಇರುತ್ತದಲ್ವಾ, ಹಾಗಾದರೆ ದಿನಾ ತಿಂದರೆ ಆಯಿತಲ್ಲ ಅಂತ ನಾನೇ ಡಾಕ್ಟರನ್ನು ಕೇಳಿದೆ. ಅವರು ನಕ್ಕರು. ಮನೆತನದ ಹೆಸರು ಒಂದೇ, ಮನುಷ್ಯರು ಬೇರೆ ಅಂದರು. ಯೋನಿಯನ್ನು ಚೆನ್ನಾಗಿ ಕಾಯುವುದು ಲ್ಯಾಕ್ಟೊಬ್ಯಾಸಿಲಸ್ ಕ್ರಿಸ್ಪೇಟಸ್. ಮೊಸರು ಮಾಡುವವು ಬೇರೆ ಜಾತಿಯವು, ಅಲ್ಲಿ ಮನೆ ಮಾಡುವುದಿಲ್ಲ. ಆದ್ದರಿಂದ ಮೊಸರನ್ನ ಊಟಕ್ಕೆ ಮಾತ್ರ. ಒಳಗೆ ಹಚ್ಚಿಕೊಳ್ಳುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಬೇಡ.

ನಿಜವಾಗಿ ಕೇಡು ಮಾಡುವುದು ತೊಳೆಯುವ ಚಟ. ಬೇವಿನೆಲೆ ಕುದಿಸಿದ ನೀರು, ಗಾಯ ತೊಳೆಯುವ ಕಂದು ಬಣ್ಣದ ಔಷಧಿಯ ಎರಡು ಮುಚ್ಚಳ, ಗುಲಾಬಿ ಬಾಟಲಿಯ ಇಂಟಿಮೇಟ್ ವಾಶ್. ಟಿವಿ ಜಾಹೀರಾತಿನಲ್ಲಿ ಹುಡುಗಿ ಬಿಳಿ ಪ್ಯಾಂಟು ಹಾಕಿಕೊಂಡು ಓಡುತ್ತಾಳೆ, ನಮಗೆ ತಿಳಿಯುವುದು ಇಷ್ಟು: ತೊಳೆಯದಿದ್ದರೆ ನೀನು ಗಲೀಜು. ಯೋನಿಯ ಒಳಗೆ ತೊಳೆಯುವ ಅಗತ್ಯವೇ ಇಲ್ಲ. ಒಳಗೆ ನೀರು ಹಾಯಿಸಿದರೆ ಇದ್ದ ಒಳ್ಳೆ ಬ್ಯಾಕ್ಟೀರಿಯಾಗಳೂ ಕೊಚ್ಚಿ ಹೋಗುತ್ತವೆ, ಒಳಗೆ ತೊಳೆದುಕೊಳ್ಳುವವರಲ್ಲಿ ಬಿವಿ ಜಾಸ್ತಿ ಅಂತ ಅಧ್ಯಯನಗಳು ಹೇಳುತ್ತಲೇ ಬಂದಿವೆ. ಹೊರಗೆ ಬರೀ ನೀರು ಸಾಕು. ವಾಸನೆ ಬಂತು ಅಂತ ಹೆಚ್ಚು ತೊಳೆಯುವುದು, ತೊಳೆದಷ್ಟೂ ವಾಸನೆ ಹೆಚ್ಚಾಗುವುದು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ಬಾಟಲಿ ಖರ್ಚಾಗಬೇಕಲ್ಲ.

ಹೋಗುತ್ತದೆ, ಬರುತ್ತದೆ

ಗಾರ್ಡ್ನರ್ ಮತ್ತು ಡ್ಯೂಕ್ಸ್ ಅನ್ನುವವರು ಗಾರ್ಡ್ನರೆಲ್ಲಾ ಬ್ಯಾಕ್ಟೀರಿಯಾವನ್ನು ಬಿವಿಯ ಜತೆ ಜೋಡಿಸಿ ಬರೆದದ್ದು 1955ರಲ್ಲಿ. ಇಷ್ಟು ವರ್ಷವಾದರೂ ಮರುಕಳಿಸುವುದನ್ನು ತಡೆಯಲು ಖಚಿತವಾದ ಮದ್ದು ಸಿಕ್ಕಿಲ್ಲ. ಮಾತ್ರೆ ಕೆಲಸ ಮಾಡುವುದಿಲ್ಲ ಅಂತಲ್ಲ. ಏಳು ದಿನದ ಕೋರ್ಸ್ ಮುಗಿದಾಗ ಬಹಳ ಜನರಿಗೆ ಗುಣವಾಗಿರುತ್ತದೆ. ಆದರೆ 2006ರಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಮೆಟ್ರೊನಿಡಜೋಲ್ ತೆಗೆದುಕೊಂಡವರಲ್ಲಿ ವರ್ಷದೊಳಗೆ 58% ಜನರಿಗೆ ಮತ್ತೆ ಬಂದಿತ್ತು. ಅರ್ಧಕ್ಕಿಂತ ಹೆಚ್ಚು! ಈ ಒಂದು ಅಂಕಿಯನ್ನು ಮೊದಲೇ ಯಾರಾದರೂ ಹೇಳಿದ್ದರೆ, ಮತ್ತೆ ಬಂದಾಗಲೆಲ್ಲ ಏನು ತಿಂದೆ, ಯಾವ ಟಾಯ್ಲೆಟ್ಟಿಗೆ ಹೋದೆ, ಒದ್ದೆ ಬಟ್ಟೆ ಹಾಕಿಕೊಂಡೆನಾ ಅಂತ ನನ್ನ ಮೇಲೆ ನಾನೇ ತನಿಖೆ ನಡೆಸುವುದು ತಪ್ಪುತ್ತಿತ್ತು.

ಯಾಕೆ ಬರುತ್ತದೆ ಅನ್ನುವುದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಇದೆ. ಗಾರ್ಡ್ನರೆಲ್ಲಾ ಮತ್ತು ಅದರ ಜತೆಯವು ಯೋನಿಯ ಗೋಡೆಗೆ ಅಂಟಿಕೊಂಡು ಒಂದು ಲೋಳೆ ಪದರ ಕಟ್ಟುತ್ತವೆ, ಬಯೋಫಿಲ್ಮ್ ಅಂತ. ಮಾತ್ರೆ ಮೇಲಿನವನ್ನು ಕೊಲ್ಲುತ್ತದೆ, ಪದರದ ಒಳಗಿನವು ಉಳಿಯುತ್ತವೆ. ಇನ್ನೊಂದು, ಕೆಟ್ಟವು ಸತ್ತ ಮೇಲೆ ಆ ಜಾಗಕ್ಕೆ ಕ್ರಿಸ್ಪೇಟಸ್ ಬಂದು ಕೂರಬೇಕು, ಅದು ತಾನಾಗಿ ಆಗಬೇಕು, ಮಾತ್ರೆ ಅದನ್ನು ಮಾಡುವುದಿಲ್ಲ. ಎಷ್ಟೋ ಜನರಲ್ಲಿ ಅದರ ಬದಲು ಲ್ಯಾಕ್ಟೊಬ್ಯಾಸಿಲಸ್ ಐನರ್ಸ್ ಅನ್ನುವುದು ಬರುತ್ತದೆ, ಅದಕ್ಕೆ ಕಾವಲು ಕಾಯುವ ಶಕ್ತಿ ಕಡಿಮೆ. ಕಾಪರ್ ಟಿ ಹಾಕಿಸಿಕೊಂಡವರಲ್ಲಿ ರಕ್ತ ಜಾಸ್ತಿ ದಿನ ಹೋಗುತ್ತಿದ್ದರೆ ಅದೂ ಒಂದು ಕಾರಣವಾಗಬಹುದು. ಮೂರನೆಯದು ಗಂಡನ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ.

ಆ ಡಾಕ್ಟರು ಬರೆದ ಚೀಟಿ ನಾನು ಅಲ್ಲಿವರೆಗೆ ನೋಡಿದ ಚೀಟಿಗಳ ಹಾಗಿರಲಿಲ್ಲ. ಮೊದಲು ಮಾಮೂಲಿ ಕೋರ್ಸ್. ಆಮೇಲೆ 0.75% ಮೆಟ್ರೊನಿಡಜೋಲ್ ಜೆಲ್, ವಾರಕ್ಕೆ ಎರಡು ರಾತ್ರಿ, ನಾಲ್ಕು ತಿಂಗಳಿಗೂ ಮೇಲೆ. ಮರುಕಳಿಸುವವರಿಗೆ ಹೀಗೆ ತಿಂಗಳುಗಟ್ಟಲೆ ಕೊಡುವ ಕ್ರಮ ಬೇರೆ ದೇಶಗಳ ಮಾರ್ಗಸೂಚಿಗಳಲ್ಲೂ ಇದೆ. ಜೆಲ್ ಹಾಕುತ್ತಿರುವಷ್ಟು ಕಾಲ ಚೆನ್ನಾಗಿರುತ್ತದೆ, ನಿಲ್ಲಿಸಿದ ಮೇಲೆ ಕೆಲವರಿಗೆ ಮತ್ತೆ ಬರಬಹುದು, ಮಧ್ಯದಲ್ಲಿ ಫಂಗಸ್ ಕಾಣಿಸಿಕೊಳ್ಳಬಹುದು ಅಂತ ಮುಂಚೆಯೇ ಹೇಳಿದರು. ಆ ಪ್ರಾಮಾಣಿಕತೆಯೇ ನನಗೆ ಅರ್ಧ ಔಷಧಿ. ಮೆಡಿಕಲ್ ಶಾಪಿನಲ್ಲಿ ಮಾತ್ರ ದೊಡ್ಡ ಪಜೀತಿ. ಚೀಟಿ ನೋಡಿದ ಹುಡುಗ ಒಳಗೆ ಹೋಗಿ ಒಂದು ಟ್ಯೂಬ್ ತಂದು ಬಿಲ್ ಮಾಡಿದ. ತಿರುಗಿಸಿ ನೋಡಿದರೆ ಹಲ್ಲಿನ ಚಿತ್ರ! ವಸಡಿಗೆ ಹಚ್ಚುವ ಜೆಲ್ಲು, ಅದರಲ್ಲೂ ಮೆಟ್ರೊನಿಡಜೋಲ್ ಇರುತ್ತದೆ. "ಇದಲ್ಲಪ್ಪಾ" ಅಂದರೆ "ಸೇಮ್ ಕಂಪೋಸಿಷನ್ ಮೇಡಂ" ಅಂತಾನೆ. ಸುತ್ತ ಜನ. ಎಲ್ಲಿಗೆ ಹಚ್ಚುವುದು ಅಂತ ಜೋರಾಗಿ ಹೇಳಲೂ ಆಗದೆ, ಬಿಡಲೂ ಆಗದೆ, ಚೀಟಿಯ ಮೇಲಿನ 'ವಜೈನಲ್' ಅನ್ನುವ ಪದದ ಮೇಲೆ ಬೆರಳಿಟ್ಟು ತೋರಿಸಿದೆ. ಪಾಪ, ಅವನ ಕಿವಿ ಕೆಂಪಾಯಿತು. ತರಿಸಿಕೊಟ್ಟ.

ಬೋರಿಕ್ ಆಸಿಡ್ ಬಗ್ಗೆ ಕೇಳಿರುತ್ತೀರಿ. ಕೋರ್ಸ್ ಆದ ಮೇಲೆ 600 ಮಿಲಿಗ್ರಾಂ ಬೋರಿಕ್ ಆಸಿಡ್ಡಿನ ಗುಳಿಗೆಯನ್ನು 21 ದಿನ ಒಳಗೆ ಇಡುವ ಚಿಕಿತ್ಸೆ ಇದೆ, ನಿಜ. ಆದರೆ ನಮ್ಮಲ್ಲಿ ಬೋರಿಕ್ ಪೌಡರ್ ಅಂದರೆ ಕೇರಂ ಬೋರ್ಡಿಗೆ ಹಾಕುವ ಪೌಡರ್, ಹತ್ತಿಪ್ಪತ್ತು ರೂಪಾಯಿಗೆ ಡಬ್ಬಿ ಸಿಗುತ್ತದೆ, ಖಾಲಿ ಕ್ಯಾಪ್ಸೂಲ್ ಕೊಂಡು ಮನೆಯಲ್ಲೇ ತುಂಬಿಕೊಳ್ಳುವ ಐಡಿಯಾ ಕೊಡುವವರೂ ಇದ್ದಾರೆ. ಬೇಡ. ಅದನ್ನು ಬಾಯಿಗೆ ಹಾಕಿಕೊಂಡರೆ ವಿಷ, ಮಕ್ಕಳಿರುವ ಮನೆಯಲ್ಲಿ ಗುಳಿಗೆಯ ರೂಪದಲ್ಲಿ ಇಡುವುದಂತೂ ಅಪಾಯ. ಬಸುರಿಯಾಗಿದ್ದರೆ, ಆಗುವ ಯೋಚನೆ ಇದ್ದರೆ ಮುಟ್ಟಲೇಬಾರದು. ಅಂದಹಾಗೆ ಬಸುರಿನಲ್ಲಿ ಬಿವಿ ಲಕ್ಷಣ ಕಂಡರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ದಿನ ತುಂಬುವ ಮುಂಚೆ ಹೆರಿಗೆಯಾಗುವುದಕ್ಕೂ ಇದಕ್ಕೂ ನಂಟಿದೆ. ಕ್ರಿಸ್ಪೇಟಸ್ಸನ್ನೇ ಔಷಧಿಯಾಗಿ ಒಳಗೆ ಹಾಕುವ ಪ್ರಯೋಗ ಅಮೆರಿಕದಲ್ಲಿ ನಡೆದಿದೆ, 2020ರಲ್ಲಿ ಫಲಿತಾಂಶ ಬಂತು: 12 ವಾರದೊಳಗೆ ಮತ್ತೆ ಬಂದದ್ದು ಅದನ್ನು ಹಾಕಿದವರಲ್ಲಿ 30%, ಹಾಕದವರಲ್ಲಿ 45%. ಆಸೆ ಹುಟ್ಟಿಸುವಂಥದ್ದೇ. ನಮ್ಮ ಮೆಡಿಕಲ್ ಶಾಪಿನಲ್ಲಿ ಪ್ರೊಬಯೋಟಿಕ್ ಅಂತ ಮಾರುವ ಸ್ಯಾಚೆಟ್ಟುಗಳಿಗೂ ಇದಕ್ಕೂ ಸಂಬಂಧವಿಲ್ಲ.

ತೆಗೆಸಿಬಿಡಿ ಅನ್ನುವವರು

ಒಂದು ಕಡೆ, ಅದು ಯಾವ ಊರು ಅಂತ ಬೇಡ, ಸ್ಕ್ಯಾನಿಂಗ್ ಮಾಡಿಸಿ "ಮಕ್ಕಳಾಗಿದೆಯಲ್ಲ, ಗರ್ಭಕೋಶ ತೆಗೆಸಿಬಿಡಿ, ಈ ರಗಳೆಯೇ ಇರೋದಿಲ್ಲ" ಅಂದಿದ್ದರು. ನನಗೆ ನಲವತ್ತೂ ಆಗಿರಲಿಲ್ಲ. ಬಿವಿ ಇರುವುದು ಯೋನಿಯಲ್ಲಿ. ಗರ್ಭಕೋಶ ತೆಗೆದರೂ ಯೋನಿ ಅಲ್ಲೇ ಇರುತ್ತದೆ, ಬಿವಿಯೂ ಬರುತ್ತದೆ. ನನಗೆ ಓದು ಬರಹ ಗೊತ್ತು, ಎದ್ದು ಬಂದೆ. ಎದ್ದು ಬರಲಾಗದವರ ಕಥೆ ಕಲಬುರಗಿಯದ್ದು. ಅಲ್ಲಿನ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳು ಹೊಟ್ಟೆನೋವು, ಸೊಂಟನೋವು, ಬಿಳಿ ಹೋಗುವುದು ಅಂತ ಖಾಸಗಿ ಆಸ್ಪತ್ರೆಗೆ ಹೋದರು, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಅಂತ ಹೆದರಿಸಿಕೊಂಡರು, ಸಾಲ ಮಾಡಿ ಗರ್ಭಕೋಶ ತೆಗೆಸಿಕೊಂಡು ಬಂದರು. ಸುದ್ದಿಯಾಯಿತು, ತನಿಖಾ ಸಮಿತಿಗಳು ಕೂತವು, ಹೆಣ್ಣುಮಕ್ಕಳು ಬೀದಿಗಿಳಿದು ಕೇಳಿದರು. ಅದರಲ್ಲಿ ಎಷ್ಟು ಜನರಿಗೆ ಒಂದು ಪಿಎಚ್ ಕಾಗದ, ಒಂದು ಸ್ಲೈಡು, ಏಳು ದಿನದ ಮಾತ್ರೆ ಸಾಕಾಗುತ್ತಿತ್ತೋ. ಪಿಎಚ್ ಕಾಗದ ನಮ್ಮ ಸ್ಕೂಲಿನ ಲ್ಯಾಬಿನಲ್ಲಿ ಕಂತೆಗಟ್ಟಲೆ ಬಿದ್ದಿದೆ.

ನನಗೇನಾಗಿದೆ?

ಗಂಡಸಿಗೆ ಔಷಧಿ ಕೊಟ್ಟರೆ ಹೆಂಗಸಿಗೆ ಮರುಕಳಿಸುವುದು ನಿಲ್ಲುತ್ತದಾ ಅಂತ ಹಿಂದೆಯೂ ನೋಡಿದ್ದರು. ಗಂಡಸರಿಗೆ ಬರೀ ಮಾತ್ರೆ ಕೊಟ್ಟು ನೋಡಿದಾಗ ಉಪಯೋಗ ಕಾಣಲಿಲ್ಲ, ಹಾಗಾಗಿ ಗಂಡನಿಗೆ ಚಿಕಿತ್ಸೆ ಬೇಡ ಅಂತಲೇ ದಶಕಗಟ್ಟಲೆ ಪುಸ್ತಕಗಳಲ್ಲಿ ಇತ್ತು. ಮೆಲ್ಬೋರ್ನಿನ ಕ್ಯಾಟ್ರಿಯೋನಾ ಬ್ರಾಡ್ಶಾ, ಲೆಂಕಾ ವೊಡ್‌ಸ್ಟ್ರಿಲ್ ಅವರ ತಂಡ ಒಂದು ಸಣ್ಣ ಬದಲಾವಣೆ ಮಾಡಿತು. ಈ ಬ್ಯಾಕ್ಟೀರಿಯಾಗಳು ಗಂಡಸಿನ ಮೂತ್ರನಾಳದಲ್ಲಿ ಮಾತ್ರವಲ್ಲ, ಶಿಶ್ನದ ಚರ್ಮದ ಮೇಲೂ, ಮುಂದೊಗಲಿನ ಒಳಗೂ ಇರುತ್ತವೆ. ಮಾತ್ರೆ ಚರ್ಮಕ್ಕೆ ತಲುಪಲಿಕ್ಕಿಲ್ಲ. ಹಾಗಾಗಿ ಮೆಟ್ರೊನಿಡಜೋಲ್ 400 ಮಾತ್ರೆ ದಿನಕ್ಕೆ ಎರಡು ಸಲ, ಜತೆಗೆ 2% ಕ್ಲಿಂಡಾಮೈಸಿನ್ ಕ್ರೀಮ್ ಚರ್ಮಕ್ಕೆ ದಿನಕ್ಕೆ ಎರಡು ಸಲ, ಏಳು ದಿನ. ಹೆಂಡತಿಗೂ ಅದೇ ಹೊತ್ತಿಗೆ ಚಿಕಿತ್ಸೆ. 2025ರ ಮಾರ್ಚ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. 12 ವಾರದೊಳಗೆ ಮತ್ತೆ ಬಂದದ್ದು ಇಬ್ಬರೂ ಔಷಧಿ ತೆಗೆದುಕೊಂಡ ಜೋಡಿಗಳಲ್ಲಿ 35%, ಹೆಂಡತಿ ಮಾತ್ರ ತೆಗೆದುಕೊಂಡಲ್ಲಿ 63%. ವ್ಯತ್ಯಾಸ ಎಷ್ಟು ಎದ್ದು ಕಂಡಿತೆಂದರೆ 150 ಜೋಡಿ ಮುಗಿಸುವ ಹೊತ್ತಿಗೆ ಪ್ರಯೋಗ ನಿಲ್ಲಿಸಿದರು, ಒಂದು ಗುಂಪಿನ ಗಂಡಸರಿಗೆ ಮಾತ್ರ ಚಿಕಿತ್ಸೆ ಕೊಡದೇ ಇರುವುದು ಸರಿಯಲ್ಲ ಅಂತ.

ಇದನ್ನು ಓದಿ ಡಾಕ್ಟರ ಹತ್ತಿರ ಹೋದೆ. ಅವರಿಗೂ ಗೊತ್ತಿತ್ತು. "ಕರ್ಕೊಂಡು ಬನ್ನಿ ಅವರನ್ನ" ಅಂದರು. ನಮ್ಮನೆಯವರು ಕೆಟ್ಟವರಲ್ಲ. ನನ್ನ ಔಷಧಿ ಬಿಲ್ಲಿಗೆ ಒಂದು ದಿನವೂ ಮುಖ ಸಿಂಡರಿಸಿಕೊಂಡವರಲ್ಲ. ಆದರೆ ವಿಷಯ ಹೇಳಿದಾಗ ಬಂದ ಮಾತು, "ನನಗೇನಾಗಿದೆ? ನಾನು ಸರಿಯಾಗೇ ಇದ್ದೀನಲ್ಲ." ಆ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಟಿವಿ ಕಡೆ ನೋಡುತ್ತಾ, "ಯಾರಿಂದ ಬಂದಿದ್ದು ಅಂತಾರೆ ಡಾಕ್ಟರು?" ಈ ಪ್ರಶ್ನೆಗೇ ನಾನು ಹೆದರುತ್ತಿದ್ದದ್ದು. ಎಷ್ಟೋ ಮನೆಗಳಲ್ಲಿ ಈ ಒಂದು ಪ್ರಶ್ನೆಗೆ ಹೆದರಿಯೇ ಹೆಂಗಸರು ಬಾಯಿ ಬಿಡುವುದಿಲ್ಲ. ಇಬ್ಬರ ನಡುವೆ ಹೋಗಿ ಬಂದು ಮಾಡುವ ಬ್ಯಾಕ್ಟೀರಿಯಾ ಇದು, ಒಬ್ಬರನ್ನೊಬ್ಬರು ಬಿಟ್ಟು ಬೇರೆಯವರ ಹತ್ತಿರ ಹೋಗದ ಜೋಡಿಗಳ ಮೇಲೇ ಆ ಪ್ರಯೋಗ ನಡೆದದ್ದು. ಬಿವಿ ಬಂತು ಅಂದಮಾತ್ರಕ್ಕೆ ಯಾರ ನಡತೆಯನ್ನೂ ಅಳೆಯಲು ಬರುವುದಿಲ್ಲ. ಇದನ್ನು ನಾನು ಹೇಳಿದ್ದಕ್ಕಿಂತ ಡಾಕ್ಟರು ಹೇಳಿದಾಗ ಅವರಿಗೆ ಬೇಗ ಅರ್ಥವಾಯಿತು. ಅದಕ್ಕೇ ಹೇಳುವುದು, ಸಾಧ್ಯವಿದ್ದರೆ ಜತೆಯಲ್ಲಿ ಕರೆದುಕೊಂಡು ಹೋಗಿ, ಚೀಟಿ ತಂದು ಕೊಟ್ಟು ನುಂಗಿ ಅನ್ನಬೇಡಿ. ಮೊಡವೆಗೆ ಹಚ್ಚುವ 1% ಕ್ಲಿಂಡಾಮೈಸಿನ್ ಜೆಲ್ ಬೇರೆ, ಅದನ್ನೇ ಕೊಟ್ಟಾರು, ನೋಡಿ ತನ್ನಿ. ಕ್ರೀಮ್ ಹಚ್ಚುವ ದಿನಗಳಲ್ಲಿ ಕಾಂಡೋಮ್ ನಂಬಬೇಡಿ, ಅದರಲ್ಲಿರುವ ಎಣ್ಣೆಗೆ ರಬ್ಬರ್ ಹಾಳಾಗುತ್ತದೆ.

ಕೋರ್ಸ್ ಶುರುವಾದ ಮೂರನೇ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ಏನೇ ಇದು, ಬಾಯೆಲ್ಲ ಕಬ್ಬಿಣ ಕಬ್ಬಿಣ" ಅಂದರು. ಮೆಟ್ರೊನಿಡಜೋಲ್ ಹಾಗೇ. ಊಟ ರುಚಿಸುವುದಿಲ್ಲ, ಹೊಟ್ಟೆ ತೊಳಸುತ್ತದೆ. "ನೀನು ಇದನ್ನ ಇಷ್ಟು ಸಲ ಹೇಗೆ ನುಂಗಿದೆ?" ಅಂತ ಕೇಳಿದರು. ಉಪ್ಪಿಟ್ಟಿನ ಜತೆ ಅಂದೆ. ಇಬ್ಬರೂ ನಕ್ಕೆವು, ಆದರೂ ಆ ಪ್ರಶ್ನೆ ಅವರ ಬಾಯಿಂದ ಬಂದದ್ದು ನನಗೆ ಇಷ್ಟವಾಯಿತು.

ಈಗ ವಾರಕ್ಕೆ ಎರಡು ರಾತ್ರಿಯ ಜೆಲ್ ನಡೆಯುತ್ತಿದೆ. ಇದುವರೆಗೆ ಬಂದಿಲ್ಲ, ಬಂದರೆ ಸ್ಲೈಡ್ ನೋಡದೆ ಮಾತ್ರೆ ನುಂಗುವುದಿಲ್ಲ ಅಂತ ನಿರ್ಧಾರ ಮಾಡಿದ್ದೇನೆ. ಕಾಪರ್ ಟಿ ತೆಗೆಸುವ ಮಾತು ಮಾತ್ರ ಬಾಕಿ. ನನಗೆ ಮುಟ್ಟು ದಿನಗಟ್ಟಲೆ ಎಳೆಯುತ್ತದೆ, ತೆಗೆಸಿ ನೋಡಬಹುದು ಅಂತ ಡಾಕ್ಟರು ಹೇಳಿದ್ದಾರೆ. ತೆಗೆಸಿದರೆ ಮುಂದೇನು ಅನ್ನುವುದು ಪ್ರಶ್ನೆ. ನನಗೆ ಆಪರೇಷನ್ ಮಾಡಿಸಿ ಅಂತ ಅತ್ತೆಯ ಸಲಹೆ. ಗಂಡಸರಿಗೆ ಮಾಡುವ ಆಪರೇಷನ್ನಿಗೆ ಹೊಲಿಗೆಯೂ ಬೇಡ, ಅವತ್ತೇ ಮನೆಗೆ ಬರಬಹುದು ಅಂತ ನಾನು ಹೇಳಿದೆ. ನಮ್ಮನೆಯವರು "ನೋಡೋಣ" ಅಂದು ಸ್ಕೂಟರ್ ಸರ್ವಿಸಿಗೆ ಬಿಡಲು ಹೋದರು. ಮುಂದಿನ ತಿಂಗಳು ಇಬ್ಬರೂ ಡಾಕ್ಟರ ಹತ್ತಿರ ಹೋಗಬೇಕು, ಅದನ್ನು ಅವರೇ ಬಾಯಿ ಬಿಟ್ಟು ಕೇಳಲಿ ಅಂತ ಬಿಟ್ಟಿದ್ದೇನೆ.